ಅಗಸಿ ಹಿಂಡಿ ಮತ್ತು ಅರ್ಧರಾತ್ರಿಯ ಚಿಲಕ

ಸವದತ್ತಿಯಿಂದ ಬೈಲಹೊಂಗಲದ ಮೇಲೆ ಬೆಳಗಾವಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಅರವತ್ತು ದಾಟಿದ ಗಂಡಸರನ್ನು ಸ್ವಲ್ಪ ಗಮನಿಸಿ. ಅವರಿಗೆ ಬಾಗಿಲ ಹತ್ತಿರದ ಸೀಟೇ ಆಗಬೇಕು. ಮನೆ ಬಿಡುವಾಗ ಚಹಾ ಒಲ್ಲೆನೆಂದಿರುತ್ತಾರೆ, ನೀರಂತೂ ಮುಟ್ಟಿರುವುದಿಲ್ಲ. ಬೈಲಹೊಂಗಲ ಬಂತೆಂದರೆ ಎಲ್ಲರಿಗಿಂತ ಮೊದಲು ಎದ್ದು ಕಂಡಕ್ಟರನನ್ನು ಕೇಳುವವರು ಅವರೇ: ‘ತಮ್ಮಾ, ಎಷ್ಟೊತ್ತು ನಿಲ್ಲತೈತಿ?’ ನಮ್ಮ ಕಾಕಾನೂ ಹಾಗೆಯೇ. ಬಿಸಿಲಿಗೆ ತುಟಿ ಒಣಗಿದ್ದು ನೋಡಿ ‘ಕಾಕಾ, ಒಂದ ಗುಟುಕು ನೀರರೆ ಕುಡೀರಿ’ ಎಂದರೆ, ‘ಬ್ಯಾಡೋ, ಆಮ್ಯಾಲ ನಡುದಾರ್ಯಾಗ ಪಜೀತಿ ಆಗತೈತಿ’ ಎಂದು ಬಾಟಲಿಯನ್ನು ಬದಿಗೆ ಸರಿಸಿಬಿಡುತ್ತಾರೆ.

ಈ ಪಜೀತಿಯ ಹಿಂದೆ ಹೆಚ್ಚಾಗಿ ಇರುವುದು ಪ್ರಾಸ್ಟೇಟ್ ಗ್ರಂಥಿ. ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಹರೆಯದಲ್ಲಿ ಅಕ್ರೋಟಿನಷ್ಟು ಗಾತ್ರ. ನಲವತ್ತರ ನಂತರ ಮೆಲ್ಲಗೆ ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದ ಮೇಲೆ ಹತ್ತರಲ್ಲಿ ಎಂಟೊಂಬತ್ತು ಮಂದಿಯಲ್ಲಿ ಅದು ಬೆಳೆದಿರುತ್ತದೆ. ಬೆಳೆದದ್ದು ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತದೆ, ಬಂದರೆ ತಡೆಯಲಾಗುವುದಿಲ್ಲ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವಂಥದ್ದೂ ಅಲ್ಲ. ಕ್ಯಾನ್ಸರ್ ಅದೇ ಗ್ರಂಥಿಯಲ್ಲಿ ಬೇರೆಯಾಗಿ ಹುಟ್ಟುವ ರೋಗ. ಈ ಭೇದ ತಿಳಿಯದೆ ಕೆಲವರು ಸುಮ್ಮನೆ ಹೆದರುತ್ತಾರೆ. ಇನ್ನು ಕೆಲವರು ‘ವಯಸ್ಸಾತು, ಇದ್ದದ್ದ’ ಎಂದು ಸುಮ್ಮನಿರುತ್ತಾರೆ. ನನಗೆ ಹೆಚ್ಚು ಸಂಕಟವಾಗುವುದು ಈ ಎರಡನೆಯವರನ್ನು ನೋಡಿದಾಗ.

ಏಕೆಂದರೆ ಇದು ಬರೇ ಒಂದಕ್ಕೆ ಹೋಗುವ ತೊಂದರೆಯಾಗಿ ಉಳಿಯುವುದಿಲ್ಲ. ನಮ್ಮ ಹಳೆಯ ಮನೆಗಳನ್ನೇ ನೆನೆಸಿಕೊಳ್ಳಿ. ಪಾಯಖಾನೆ ಹಿತ್ತಲಲ್ಲಿ. ರಾತ್ರಿ ನಡುಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಮಲಗಿದ್ದಾರೆ. ಹಿತ್ತಲ ಬಾಗಿಲಿಗೆ ಕಬ್ಬಿಣದ ಚಿಲಕ, ಎಷ್ಟು ಮೆಲ್ಲಗೆ ಸರಿಸಿದರೂ ಕಿರ್ರ್ ಎನ್ನುತ್ತದೆ. ಸೊಸೆಗೆ ಎಚ್ಚರವಾದೀತೆಂಬ ಸಂಕೋಚಕ್ಕೆ ಮುದುಕ ಬಿಗಿಹಿಡಿದು ಮಲಗಿರುತ್ತಾನೆ. ತಡೆಯಲಾಗದೆ ಕತ್ತಲಲ್ಲೇ ಎದ್ದು, ಚಪ್ಪಲಿ ಸಿಗದೆ ಬರಿಗಾಲಲ್ಲಿ ಒದ್ದೆ ಫರಸಿ ದಾಟುತ್ತಾನೆ. ಹೀಗೆ ಬಿದ್ದು ಚಪ್ಪೆ ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರು ನಮ್ಮ ಕಡೆ ಯಾವ ಊರಲ್ಲಿಲ್ಲ? ಎಷ್ಟು ಸಲ ಎದ್ದರೆಂಬ ಲೆಕ್ಕ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ, ಹೆಂಡತಿಗೆ. ಆಕೆಯೂ ಮಕ್ಕಳ ಮುಂದೆ ಹೇಳುವುದಿಲ್ಲ. ಕ್ರಮೇಣ ಅಂಥ ಹಿರಿಯರು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾರೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಬೇಡ, ಅಕ್ಟೋಬರ್ 23ರ ಕಿತ್ತೂರು ಉತ್ಸವವೂ ಬೇಡ. ಚನ್ನಮ್ಮನ ವಿಜಯಕ್ಕೆ ಇನ್ನೂರು ವರ್ಷ ತುಂಬಿದ್ದು 2024ರಲ್ಲಿ. ಅಂಥ ವರ್ಷವೂ ‘ಮಂದ್ಯಾಗ ಎಲ್ಲಿ ಹೋಗೂದು’ ಎಂದು ಟಿ.ವಿ. ಮುಂದೆಯೇ ಕೂತ ಅಜ್ಜಂದಿರಿದ್ದರು.

ಇನ್ನು ಊಟದ ಮಾತು. ‘ಏನ ತಿಂದ್ರ ಕಡಿಮಿ ಆಗತೈತಿ?’ ಎಂದು ಎಲ್ಲರೂ ಕೇಳುತ್ತಾರೆ. ಏನು ಬಿಡಬೇಕು ಎಂಬುದನ್ನು ಮೊದಲು ಕೇಳಬೇಕೆಂದು ನನ್ನ ಅನಿಸಿಕೆ. ನಮ್ಮ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ, ಹೆಸರುಕಾಳು, ಸೌತೆಕಾಯಿ, ಹಸಿ ಮೆಂತೆ ಇವೆ. ಇವುಗಳಲ್ಲಿ ತೆಗೆದುಹಾಕುವಂಥದ್ದು ಒಂದೂ ಇಲ್ಲ. ಆದರೆ ಸುತ್ತ ಕೂತಿರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ರಂಜಕ? ಎಲ್ಲದರಲ್ಲೂ ಉಪ್ಪು. ಜಪಾನಿನ ನಾಗಸಾಕಿಯ ವೈದ್ಯರು 2017ರಲ್ಲಿ ಒಂದು ಅಧ್ಯಯನ ಮುಂದಿಟ್ಟರು. ಉಪ್ಪು ಹೆಚ್ಚು ತಿನ್ನುವ, ನಿದ್ದೆಗೆಟ್ಟ 300ಕ್ಕೂ ಹೆಚ್ಚು ಮಂದಿಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದರು. ದಿನಕ್ಕೆ 10.7 ಗ್ರಾಂ ಇದ್ದದ್ದನ್ನು 8 ಗ್ರಾಮಿಗೆ ಇಳಿಸಿದವರು ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4ಕ್ಕೆ ಇಳಿಯಿತು. ಅಂದರೆ ರಾತ್ರಿ ಏಳುವುದಕ್ಕೆಲ್ಲ ಪ್ರಾಸ್ಟೇಟೇ ಕಾರಣವಲ್ಲ. ಹಗಲು ತಿಂದ ಉಪ್ಪು ಹಿಡಿದಿಟ್ಟ ನೀರು ಮಲಗಿದ ಮೇಲೆ ಮೂತ್ರವಾಗಿ ಇಳಿಯುತ್ತದೆ. ಸಕ್ಕರೆ ಕಾಯಿಲೆಯೂ ಹೀಗೇ ಎಬ್ಬಿಸುತ್ತದೆ. ಹೊತ್ತು ಮುಳುಗಿದ ಮೇಲಿನ ಚಹಾವೂ ಅಷ್ಟೇ. ಆದರೆ ನೀರನ್ನೇ ಬಿಡುವುದು ತಪ್ಪು: ಮೂತ್ರ ಗಟ್ಟಿಯಾಗಿ ಚೀಲ ಉರಿಯುತ್ತದೆ, ಮಲಬದ್ಧತೆ ಬಂದು ಒತ್ತಡ ಇನ್ನೂ ಹೆಚ್ಚುತ್ತದೆ. ಹಗಲು ಸಾಕಷ್ಟು ಕುಡಿದು ಮಲಗುವ ಎರಡು ಮೂರು ತಾಸು ಮೊದಲು ಕಡಿಮೆ ಮಾಡುವುದು ಸರಿಯಾದ ದಾರಿ.

ಅಗಸಿ ಹಿಂಡಿಯ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಅಗಸಿಯನ್ನು ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟುವಾಗ ಮನೆಯೆಲ್ಲ ಘಮಘಮ. ರೊಟ್ಟಿಯ ಮೇಲೆ ಹಾಕಿ, ಮೊಸರೋ ಎಣ್ಣೆಯೋ ಕಲಸಿ ತಿಂದವರಿಗೇ ಅದರ ರುಚಿ ಗೊತ್ತು. 2008ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 161 ಗಂಡಸರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ ಹೊರಬಂತು. ದಿನಕ್ಕೆ 30 ಗ್ರಾಂ ಅಗಸಿ ಪುಡಿ ತಿಂದವರಲ್ಲಿ ಕ್ಯಾನ್ಸರ್ ಕೋಶಗಳು ಹೆಚ್ಚುವ ವೇಗ ತಗ್ಗಿತ್ತು. ಇಡೀ ಕಾಳು ಹೊಟ್ಟೆಯಲ್ಲಿ ಕರಗದೆ ಹಾಗೇ ಹೊರಬೀಳುತ್ತದೆ, ಕುಟ್ಟಿದರೆ ಮಾತ್ರ ಉಪಯೋಗ. ನಮ್ಮ ಅವ್ವಂದಿರು ಕುಟ್ಟಿಯೇ ಇಟ್ಟಿದ್ದಾರೆ. ಹಾಗೆಂದು ಅಗಸಿ ರೋಗ ವಾಸಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಆ ಪ್ರಯೋಗ ನಡೆದದ್ದು ಕೆಲವೇ ವಾರ. ಕ್ಯಾನ್ಸರ್ ಇನ್ನೂ ಸಣ್ಣದಿರುವ 478 ಗಂಡಸರು ಎರಡು ವರ್ಷ ಕಾಯಿಪಲ್ಯೆ ಹೆಚ್ಚಿಸಿ ತಿಂದರೂ ರೋಗದ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2020ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಎಣ್ಣೆಯಲ್ಲಿ ಬೇಯಿಸಿದ ಟೊಮೆಟೊದ ಬಗ್ಗೆಯೂ 1995ರಿಂದ ಆಸೆ ಹುಟ್ಟಿದೆ, ನಿರ್ಣಯ ಇನ್ನೂ ಆಗಿಲ್ಲ. ಚಟ್ನಿ ಮಾಡಿ ತಿನ್ನಿ, ಕೇಡೇನಿಲ್ಲ.

ಕೇಡಿರುವುದು ಬಾಟಲಿಯಲ್ಲಿ ಬರುವ ಗುಳಿಗೆಗಳಲ್ಲಿ. ಸೆಲೆನಿಯಂ ಮತ್ತು ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತವೆಯೇ ಎಂದು 2001ರಲ್ಲಿ ಅಮೆರಿಕದಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷೆ ಶುರುವಾಯಿತು. ಉಪಯೋಗ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ನೋಡಿದರೆ ವಿಟಮಿನ್ ಇ ಮಾತ್ರ ನುಂಗಿದವರಲ್ಲಿ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು! ಅದಕ್ಕೇ, ಪಟ್ಟಣದಿಂದ ಮಗ ಪ್ರೀತಿಯಿಂದ ತಂದುಕೊಡುವ ‘ಪ್ರಾಸ್ಟೇಟ್ ಗುಳಿಗೆ’ಯ ಡಬ್ಬಿಯನ್ನು ವೈದ್ಯರಿಗೆ ತೋರಿಸದೆ ತೆರೆಯಬೇಡಿ. ಅಂಗಡಿಯಿಂದ ತಂದು ನುಂಗುವ ನೆಗಡಿ ಗುಳಿಗೆ ಇನ್ನೂ ಅಪಾಯ. ಮೂಗು ಬಿಡಿಸುವ ಆ ಔಷಧವೇ ಪ್ರಾಸ್ಟೇಟ್ ಬೆಳೆದವರ ಮೂತ್ರ ಪೂರಾ ಕಟ್ಟಿಸಿಬಿಡಬಲ್ಲದು. ಹೊಟ್ಟೆ ಉಬ್ಬಿ, ಹನಿಯೂ ಬಾರದೆ ಒದ್ದಾಡುವಾಗ ಬೆಳಗಾಗಲೆಂದು ಕಾಯುವಂತಿಲ್ಲ; ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ ನಳಿಗೆ ಹಾಕಿಸಿಕೊಳ್ಳಬೇಕು.

ಪ್ರಾಸ್ಟೇಟಿನ ಕಾಟ ರವೀಂದ್ರನಾಥ ಟಾಗೋರರನ್ನೂ ಬಿಟ್ಟಿರಲಿಲ್ಲ. ಹರೆಯದಲ್ಲಿ ಅಣ್ಣನ ಜೊತೆ ನಮ್ಮ ಕಾರವಾರದ ಕಡಲದಂಡೆಯಲ್ಲಿ ಇದ್ದುಹೋದವರು. ಎಂಬತ್ತರ ವಯಸ್ಸಿನಲ್ಲಿ ಮೂತ್ರ ಕಟ್ಟಿ, 1941ರ ಜುಲೈ 30ರಂದು ಕಲ್ಕತ್ತಾದ ಜೊರಾಸಾಂಕೊ ಮನೆಯಲ್ಲೇ ಅವರಿಗೆ ಶಸ್ತ್ರಚಿಕಿತ್ಸೆ ಆಯಿತು. ಆಗಸ್ಟ್ 7ಕ್ಕೆ ತೀರಿಕೊಂಡರು. ಅಂದು ಅವರಿಗೆ ಸಿಗದ ದಾರಿಗಳು ಇಂದು ಇವೆ ಎಂದು ನೆನೆದಾಗಲೆಲ್ಲ ನನಗೆ ಸಮಾಧಾನವೂ ಆಗುತ್ತದೆ, ಅವಸರವೂ ಆಗುತ್ತದೆ. ಟ್ಯಾಮ್ಸುಲೋಸಿನ್‌ನಂಥ ಗುಳಿಗೆ ಬಿಗಿದ ಸ್ನಾಯುವನ್ನು ಕೆಲವೇ ದಿನಗಳಲ್ಲಿ ಸಡಿಲಿಸುತ್ತದೆ. ತಲೆ ತಿರುಗಬಹುದು, ಆದ್ದರಿಂದ ಹಾಸಿಗೆಯಿಂದ ಸಾವಕಾಶ ಏಳಬೇಕು. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಗುಣ ಕಾಣಲು ಆರು ತಿಂಗಳು ಹಿಡಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ದುರ್ಬೀನು ಹಾಕಿ ಅಡ್ಡಿಯಾದ ಭಾಗವನ್ನು ಕೆರೆದು ತೆಗೆಯುತ್ತಾರೆ.

ಐವತ್ತು ದಾಟಿದವರು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್ಎ ರಕ್ತಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರನ್ನು ಒಮ್ಮೆ ಕೇಳಲಿ. ಅಪ್ಪನಿಗೋ ಅಣ್ಣನಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ ನಲವತ್ತೈದಕ್ಕೇ ಕೇಳಲಿ. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡುವಂತಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಬೇಕಾದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬಹುದು. ಹೋಗುವ ಮುಂಚೆ ಮೂರು ದಿನ, ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಸಲ ಎದ್ದರು ಎಂದು ಮೊಮ್ಮಗನ ಹಳೆಯ ನೋಟಬುಕ್ಕಿನಲ್ಲಿ ಬರೆಸಿಕೊಳ್ಳಿ. ವೈದ್ಯರು ಮೊದಲು ಕೇಳುವುದೇ ಅದನ್ನು. ನೆಂಟರ ಎದುರು ಹೇಳಲು ಬಾಯಿ ಬಾರದ ಹಿರಿಯರು ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟರೂ ಸಾಕು.