ಸೀದೆಯ ಕಡಲ ತಡಿಯಲ್ಲಿ

ತುರ್ಕಿ ದೇಶದ ಅಂತಾಲ್ಯ ನಗರದಿಂದ ಪೂರ್ವಕ್ಕೆ ಸುಮಾರು 75 ಕಿ.ಮೀ. ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದೊಳಕ್ಕೆ ನಾಲಗೆಯಂತೆ ಚಾಚಿಕೊಂಡಿರುವ ಊರು ಸೀದೆ. ಅಲ್ಲಿಯ ಪ್ರಾಚೀನ ಭಾಷೆಯಲ್ಲಿ ಈ ಹೆಸರಿಗೆ ದಾಳಿಂಬೆಯೆಂದು ಅರ್ಥ. ಹಳೆಯ ನಾಣ್ಯಗಳ ಮೇಲೂ ಅದೇ ಹಣ್ಣು. ಇಕ್ಕೆಲಗಳಲ್ಲಿ ಮರಳಿನ ದಂಡೆ, ಹೋಟೆಲುಗಳ ಸಾಲು, ಬಿಸಿಲು ಕಾಯುವ ಜನ. ಅದರ ಮಾತು ಇಷ್ಟು ಸಾಕು.

ಪ್ರವಾಸಿಗರೆಲ್ಲರೂ ಭೂಶಿರದ ತುದಿಗೆ ಧಾವಿಸುತ್ತಾರೆ. ಅಲ್ಲಿ ಅಪೊಲೊ ದೇವಾಲಯದ ಐದು ಅಮೃತಶಿಲೆಯ ಕಂಬಗಳನ್ನು ಮರಳಿ ನಿಲ್ಲಿಸಿದ್ದಾರೆ. ಸಂಜೆಯಲ್ಲಿ ಅವು ಹೊಂಬಣ್ಣ ತಾಳುವುದು ನೋಡತಕ್ಕದ್ದೇ ಸರಿ. ಆದರೆ ನನ್ನ ಕಾಲು ತಡೆದು ನಿಂತದ್ದು ರಂಗಮಂದಿರದ ಪಕ್ಕದ ಚೌಕದಲ್ಲಿ. ಸುತ್ತಲೂ ಮುರಿದ ಕಂಬಗಳು, ನಡುವೆ ಒಂದು ದುಂಡು ಗುಡಿಯ ತಳಪಾಯ. ಇದು ಪ್ರಾಚೀನ ಪೇಟೆಯ ಬಯಲು. ಕ್ರಿ.ಪೂ. 1ನೆಯ ಶತಮಾನದಲ್ಲಿ ಸಿಲಿಷಿಯಾದ ಕಡಲ್ಗಳ್ಳರು ತಾವು ಸೆರೆಹಿಡಿದವರನ್ನು ಈ ಊರಿನಲ್ಲಿ ಹರಾಜು ಹಾಕುತ್ತಿದ್ದರು. ಸೆರೆಯಾದವರು ಸ್ವತಂತ್ರ ಜನರೆಂಬುದನ್ನು ಮಾರುವವರೇ ಒಪ್ಪುತ್ತಿದ್ದರೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿಟ್ಟಿದ್ದಾನೆ. ಮರೆಮಾಚುವ ಲಜ್ಜೆಯೂ ಇರಲಿಲ್ಲ! ಕ್ರಿ.ಪೂ. 67ರಲ್ಲಿ ರೋಮಿನ ಸೇನಾನಿ ಪಾಂಪೆ ಈ ಕಳ್ಳರನ್ನು ಅಡಗಿಸಿದನು; ಮನುಷ್ಯರ ಮಾರಾಟವನ್ನು ರೋಮ್ ನಿಲ್ಲಿಸಲಿಲ್ಲ.

ಎದುರಿನ ಪುರಾತನ ಸ್ನಾನಗೃಹವೇ ಇಂದಿನ ವಸ್ತುಸಂಗ್ರಹಾಲಯ. ಹೋಗುವವರು ಮೊದಲು ಈ ಬಯಲಿನಲ್ಲಿ ಕ್ಷಣಕಾಲ ನಿಂತು, ಆಮೇಲೆ ಕಂಬಗಳತ್ತ ನಡೆಯುವುದು ಲೇಸು.