ಮೇಘಮಲ್ಹಾರಕ್ಕೆ ಡಿಸ್ಕೋ ತಾಳ

ನಮ್ಮೂರು ಜಡೆಯಲ್ಲಿ ಮೂರು ದಿನದಿಂದ ಜಡಿಮಳೆ. ಕರೆಂಟಿಲ್ಲ. ಮೊಬೈಲಲ್ಲಿ ಉಳಿದ ಒಂಚೂರು ಚಾರ್ಜನ್ನೂ ಚರಣ್‌ಜಿತ್ ಸಿಂಗ್‌ಗೇ ಸುರಿದು ಜಗಲಿಯಲ್ಲಿ ಕೂತಿದ್ದೇನೆ. ಅವರು ಮುಂಬೈನ ಸಿನಿಮಾ ವಾದ್ಯಗಾರರಾಗಿದ್ದರು. 1982ರಲ್ಲಿ ರೋಲೆಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಎಂಬ ಎಲೆಕ್ಟ್ರಾನಿಕ್ ವಾದ್ಯಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಹೆಚ್ಚಿನವರು ಕ್ಯಾರೇ ಅನ್ನಲಿಲ್ಲ. 2010ರಲ್ಲಿ ಆ ಆಲ್ಬಂ ಮರುಬಿಡುಗಡೆಯಾದಾಗ ಹೊರಗಿನವರು ಬೆಚ್ಚಿದರು: ಷಿಕಾಗೋದಿಂದ 1987ರಲ್ಲಿ ಬಂದ 'ಆ್ಯಸಿಡ್ ಹೌಸ್' ನೃತ್ಯಸಂಗೀತದ ಸದ್ದು ಇಲ್ಲಿ ಐದು ವರ್ಷ ಮೊದಲೇ ಇದೆಯಲ್ಲ!

ಯಾರು ಮೊದಲು ಅನ್ನೋ ಜಗಳ ನನಗೆ ಬೇಡ. ಆ ಆಲ್ಬಂನ ಮೇಘಮಲ್ಹಾರ ರಾಗ ಶುರುವಾದರೆ ಸಾಕು. ಕೆಳಗೆ ಬೇಸ್ ಗುಳುಗುಳು ಅಂತ ಒಂದೇ ಸಮ ಓಡುತ್ತೆ, ಥೇಟ್ ಸೂರಿನ ನೀರು ಹಂಡೆಗೆ ಬಿದ್ದ ಹಾಗೆ. ಮೇಲೆ ಸಿಂಥಸೈಜರ್ ಸ್ವರದಿಂದ ಸ್ವರಕ್ಕೆ ಜಾರುತ್ತಾ ತೇಲುತ್ತೆ. ಅರೆನಿದ್ದೆ, ಆದರೂ ಕಾಲು ಕುಣೀತಿದೆ. ಶಾಸ್ತ್ರೀಯದವರು ಮೂಗು ಮುರಿಯಲಿ. ಆಲಾಪ ಅವಸರದ್ದು, ಒಪ್ಪಿದೆ.

ಅಡಿಕೆಗೆ ಕೊಳೆ ಬಂತಾ ನೋಡಲು ಕಂಬಳಿಕೊಪ್ಪೆ ಹಾಕಿ ಹೊರಟಿದ್ದ ಅಪ್ಪಯ್ಯ ಮೆಟ್ಟಿಲಲ್ಲೇ ನಿಂತರು. "ಎಂಥದೋ ಇದು, ಭಜನೆಯಾ, ರೈಸ್ ಮಿಲ್ಲಾ?"

ಎರಡೂ ಅಂದೆ. ಅಷ್ಟರಲ್ಲಿ ಮೊಬೈಲು ಸತ್ತಿತು. ಹಂಡೆ ಮಾತ್ರ ತಾಳ ಬಿಡಲಿಲ್ಲ.