ಬಡಗಣ ಗೋಡೆಯ ಸಂಜೆ ಬಿಸಿಲು

ಬಿಸು ಹಬ್ಬ ಮುಗಿದ ವಾರದಲ್ಲೇ ಗುರುಪುರ ಹೊಳೆಯ ಬದಿಯ ಹಳೆಯ ಅಕ್ಕಿ ಮಿಲ್ಲೊಂದರ ಉತ್ತರದ ಗೋಡೆ ನನಗೆ ಒಲಿಯಿತು. ಗಾರೆ ಉದುರಿ ಕೆಂಪುಕಲ್ಲು ಹೊರಬಿದ್ದ ಗೋಡೆ. ನಡುಹಗಲಲ್ಲಿ ನೋಡಿದರೆ ಮಂಕಾದ ಕಂದು ಬಣ್ಣ, ಅಷ್ಟೆ. ಆರೂವರೆಗೆ ಬಿಸಿಲು ಅದನ್ನು ಸವರಿಕೊಂಡು ಹರಿಯತೊಡಗಿದಾಗ ಒಂದೊಂದು ಕಲ್ಲಿನ ಮೇಲೂ ಹತ್ಯಾರಿನ ಓರೆ ಗೀರುಗಳು ಎದ್ದು ನಿಂತವು. ಸಾಲಿನ ಕಲ್ಲುಗಳಲ್ಲೆಲ್ಲ ಗೀರು ಒಂದೇ ಕಡೆಗೆ ವಾಲಿದ್ದರೆ, ನಡುವಿನ ಒಂದೆರಡರಲ್ಲಿ ಮಾತ್ರ ತದ್ವಿರುದ್ಧ. ಅವನ್ನು ಕೆತ್ತಿದವನು ಎಡಚನಿರಬೇಕು. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಕೈಯ ಬೀಸು ಮಾತ್ರ ಗೋಡೆಯಲ್ಲಿ ಉಳಿದಿದೆ.

ಹಳೆಯ ಕಟ್ಟಡದ ಚಿತ್ರ ತೆಗೆಯುವವರು ಸಾಮಾನ್ಯವಾಗಿ ಪಡುವಣ ಗೋಡೆಯನ್ನು ಹುಡುಕುತ್ತಾರೆ. ನನ್ನ ಪ್ರಕಾರ ಅದು ಅಗ್ಗದ ಸುಖ. ಸೂರ್ಯನಿಗೆ ಮುಖಾಮುಖಿಯಾದ ಗೋಡೆಗೆ ಬಣ್ಣ ಬರುತ್ತದೆ, ಮೈ ಬರುವುದಿಲ್ಲ. ಉಬ್ಬುತಗ್ಗು, ಬಿರುಕು, ಗೀರು ಎಲ್ಲವೂ ಬೆಳಕಿನಲ್ಲಿ ಮುಚ್ಚಿಹೋಗುತ್ತವೆ. ನೆಚ್ಚಬೇಕಾದದ್ದು ಬಡಗಣ ಗೋಡೆಯನ್ನು. ಮಾರ್ಚ್ ಕೊನೆಯ ವಾರದಿಂದ ಸೂರ್ಯ ನೇರ ಪಶ್ಚಿಮ ಬಿಟ್ಟು ಉತ್ತರಕ್ಕೆ ಸರಿದು ಮುಳುಗುತ್ತಾನೆ. ಮಂಗಳೂರಿನ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಆ ಸರಿತ ಸುಮಾರು 24 ಡಿಗ್ರಿ. ಆದರೆ ಆಗ ಮಳೆ, ಸೂರ್ಯನೇ ಕಾಣ. ಏಪ್ರಿಲ್ ನಡುವಿನಲ್ಲಿ ಸುಮಾರು 10 ಡಿಗ್ರಿ. ಸರಿಯಾಗಿ ಬಡಗಕ್ಕೆ ಮುಖ ಮಾಡಿದ ಗೋಡೆಯ ಮೇಲೆ ಆ 10 ಡಿಗ್ರಿಯ ಬಿಸಿಲು ಬಿದ್ದರೆ ಉಗುರಿನಷ್ಟು ತಗ್ಗಿಗೂ ಉದ್ದ ನೆರಳು. ಇನ್ನೊಂದು ವಿಶೇಷವಿದೆ: ಗೀರಿನ ಬಿಸಿಲು ಬಿದ್ದ ಅಂಚು ಕಿತ್ತಳೆ, ತಗ್ಗಿನ ನೆರಳು ನೀಲಿ. ತಗ್ಗಿಗೆ ಬೆಳಕು ಕೊಡುವುದು ಸೂರ್ಯನಲ್ಲ, ತಲೆಯ ಮೇಲಿನ ಆಕಾಶ. ಇದನ್ನು ಉಳಿಸಿಕೊಳ್ಳಲು ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತಪ್ಪಿಸಿ ಡೇಲೈಟಿಗೆ ಕಟ್ಟಿಹಾಕಬೇಕು. ಇಲ್ಲದಿದ್ದರೆ ಯಂತ್ರ ಸಂಜೆಯನ್ನೇ ದೋಷವೆಂದು ತಿಳಿದು ತಿದ್ದಿಬಿಡುತ್ತದೆ.

ಹೊತ್ತೂ ಹೆಚ್ಚಿಲ್ಲ. ಗೋಲ್ಡನ್ ಅವರ್ ಎಂಬ ಮಾತು ಸೂರ್ಯ ಓರೆಯಾಗಿ, ನಿಧಾನವಾಗಿ ಇಳಿಯುವ ಉತ್ತರದ ದೇಶಗಳಿಗೆ ಸರಿ. ನಮ್ಮಲ್ಲಿ ಅವನು ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಇಪ್ಪತ್ತೈದು ನಿಮಿಷದಲ್ಲಿ ಕೆಳಗೆ.

ಈ ಇಪ್ಪತ್ತೈದು ನಿಮಿಷವನ್ನೂ ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿದು ಕಳೆಯುವವರನ್ನು ಕಂಡರೆ ನನಗೆ ಸಂಕಟ. ಮಿಲ್ಲಿನ ಚಿಮಣಿಯನ್ನು ಕಪ್ಪು ಕಡ್ಡಿ ಮಾಡಿ, ಹಿಂದೆ ಕೆಂಪು ಉಂಡೆ ಇಟ್ಟರೆ ಚಿತ್ರವಾಯಿತಂತೆ! ಹಾಗಿದ್ದರೆ ಆ ಕಟ್ಟಡವೇ ಯಾಕೆ ಬೇಕು? ರಟ್ಟು ಕತ್ತರಿಸಿ ನಿಲ್ಲಿಸಿದರೂ ಅದೇ ಕಪ್ಪು ಬರುತ್ತದೆ. ಸೂರ್ಯನಿಗೆ ಬೆನ್ನು ಕೊಡಿ, ಗೋಡೆ ನೋಡಿ ಎಂದು ಜೊತೆಗಿದ್ದವರಿಗೆ ಎಷ್ಟೋ ಸಲ ಹೇಳಿದ್ದೇನೆ. ತಿರುಗುವವರು ಕಡಿಮೆ.

ಆಕಾಶ ಬದಲಿಸುವವರದು ಇದಕ್ಕಿಂತ ದೊಡ್ಡ ಅನ್ಯಾಯ. 2020ರಲ್ಲಿ ಫೋಟೋಶಾಪಿಗೆ ಆ ಸೌಲಭ್ಯ ಬಂದ ಮೇಲಂತೂ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲಿಯದೋ ಮೋಡ ನಮ್ಮ ಹಂಚಿನ ಮಾಡಿನ ಮೇಲೆ. ಗೋಡೆಯ ನೆರಳು ಒಂದು ಕಡೆ, ಮೋಡಕ್ಕೆ ಬಿದ್ದ ಬೆಳಕು ಇನ್ನೊಂದು ಕಡೆ. ತಗ್ಗಿನ ನೀಲಿ ಬಂದದ್ದೇ ಆ ದಿನದ ಆಕಾಶದಿಂದ. ಆಕಾಶ ಕಿತ್ತ ಮೇಲೆ ಗೋಡೆಯ ಬಣ್ಣಕ್ಕೆ ಕಾರಣವೇ ಇಲ್ಲದಂತಾಯಿತು. ಇಂಥ ಚಿತ್ರಕ್ಕೆ ಸ್ಪರ್ಧೆಗಳಲ್ಲಿ ಬಹುಮಾನವನ್ನೂ ಕೊಡುತ್ತಾರೆ. ಕಟ್ಟಿದವನ ಕೈ, ಕಾಯಿಸಿದ ಬಿಸಿಲು, ಎರಡನ್ನೂ ಅಳಿಸಿದವನ ಕುತ್ತಿಗೆಗೆ ಪದಕ!

ಇನ್ನು ಕೆಲವರು ಜನ ಬಾಳುವ ಮನೆಯನ್ನೇ ಪಾಳು ಮಾಡಿ ತೋರಿಸುತ್ತಾರೆ. ಅಂಗಳದ ಹಗ್ಗದಲ್ಲಿ ಒಣಗಿಸಿದ ಬಟ್ಟೆ ತೆಗೆಯಿರಿ, ಪ್ಲಾಸ್ಟಿಕ್ ಕೊಡ ಆಚೆ ಇಡಿ, ಸ್ವಲ್ಪ ಒಳಗೆ ಹೋಗಿ ಎಂದು ಮನೆಯವರಿಗೇ ಅಪ್ಪಣೆ. ಆಮೇಲೆ ಚಿತ್ರದ ಕೆಳಗೆ ‘ಮರೆತುಹೋದ ಮನೆ’ ಎಂದು ಶೀರ್ಷಿಕೆ. ಮರೆತವರು ಯಾರು? ಆ ಅಮ್ಮ ಇವರಿಗೆ ಬೆಲ್ಲ ನೀರು ಕೊಟ್ಟು, ಇವರು ಹೋದ ಮೇಲೆ ಅದೇ ಹಗ್ಗಕ್ಕೆ ಮತ್ತೆ ಬಟ್ಟೆ ಹಾಕುತ್ತಾರೆ.

ಒಳಗೆ ಕರೆದರೆ ನಾನು ಮೊದಲು ನೋಡುವುದು ತಲೆಯ ಮೇಲೆ, ಹಂಚುಗಳ ಅಡಿಮೈಯನ್ನು. ಅಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಹಂಚಿನ ಮೇಲೆ ಆ ಇಸವಿ ಕಂಡೊಡನೆ ಮನೆಗೆ ನೂರೈವತ್ತು ವರ್ಷ ದಾಟಿತೆಂದು ಬರೆದುಬಿಡುವವರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. 1868ರಲ್ಲಿ ಆಲ್ಬುಕರ್ಕ್ ಮನೆತನದವರು ತಮ್ಮದೇ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ಆವೆಮಣ್ಣನ್ನು ನಂಬಿ ಇನ್ನೂ ಹಲವರು. ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ ಕಾರ್ಖಾನೆಯದು ಬಂದು ಕೂರುತ್ತದೆ. ಹಾಗಾಗಿ ಒಂದೇ ಮಾಡಿನಲ್ಲಿ ನಾಲ್ಕಾರು ಮುದ್ರೆ. ಹೊರಗಿನಿಂದಲೂ ಇದು ತಿಳಿಯುತ್ತದೆ: ಪಡುವಣ ಇಳಿಜಾರಿಗೆ ಸಂಜೆ ಬಿಸಿಲು ಬಿದ್ದಾಗ ಹೊಸ ಹಂಚು ಕಿತ್ತಳೆ, ಪಾಚಿ ಹಿಡಿದು ಒಣಗಿದ್ದು ಕಪ್ಪು, ನಡುವಿನ ಕಾಲದ್ದು ಇಟ್ಟಿಗೆಗೆಂಪು. ಯಾವ ಮೂಲೆ ಹೆಚ್ಚು ಸೋರಿದೆ, ತೆಂಗಿನಕಾಯಿ ಎಲ್ಲಿ ಬಿದ್ದಿದೆ ಎಂದು ಬಣ್ಣ ನೋಡಿಯೇ ಹೇಳಬಹುದು. ಮಾಡಿನ ವಿಷಯಕ್ಕೆ ಮಾತ್ರ ನಾನು ಪಡುವಣ ಬಿಸಿಲನ್ನು ಒಪ್ಪುತ್ತೇನೆ.